ಸೋತವರ ಮಾತು ಉಳಿದದ್ದು ಹೇಗೆ

'ಟೀಕೆ' ಅನ್ನುವ ಪದಕ್ಕೆ ನಾವು ಮಾಡಿರುವ ಅನ್ಯಾಯ ಸಣ್ಣದಲ್ಲ. ಇವತ್ತು ಯಾರಾದರೂ ಬಂದು 'ನಿಮ್ಮ ಕೆಲಸದ ಬಗ್ಗೆ ಟೀಕೆ ಬಂದಿದೆ' ಅಂದರೆ ಎದೆ ಧಸಕ್ಕೆನ್ನುತ್ತದೆ. ಪೇಪರಿನಲ್ಲಂತೂ ಟೀಕೆಯ ಪಕ್ಕದಲ್ಲಿ ಪ್ರಹಾರ ಇದ್ದೇ ಇರಬೇಕು. ಆದರೆ ಅಜ್ಜಂದಿರ ಕಾಲದ ಕಾವ್ಯದ ಪುಸ್ತಕಗಳನ್ನು ನೋಡಿ. ಮೊದಲ ಪುಟದಲ್ಲೇ 'ಟೀಕಾ ತಾತ್ಪರ್ಯ ಸಹಿತ' ಅಂತ ಅಚ್ಚಾಗಿರುತ್ತಿತ್ತು. ಅಲ್ಲಿ ಟೀಕೆ ಅಂದರೆ ಬೈಗುಳ ಅಲ್ಲ, ಪದಪದವನ್ನೂ ಬಿಡಿಸಿ ಅರ್ಥ ಹೇಳುವ ಕೆಲಸ. ಓದುಗನ ಕೈಹಿಡಿದು ಪದ್ಯ ದಾಟಿಸುವವನೇ ಟೀಕಾಕಾರ.

ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವುದು ಹೇಗೆ? ಯಾರು ಮಾತಾಡಬಹುದು? ಒಪ್ಪದಿದ್ದರೆ ಏನು ಮಾಡಬೇಕು? ಇವೆಲ್ಲ ಹೊಸ ಪ್ರಶ್ನೆಗಳು ಅಂತ ನಮಗೆ ಅನ್ನಿಸುತ್ತದೆ. ಆದರೆ ಚಿಕ್ಕಮಗಳೂರು ಜಿಲ್ಲೆಯ ಮೂರು ಪಕ್ಕಪಕ್ಕದ ತಾಲ್ಲೂಕುಗಳು, ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ, ಈ ಪ್ರಶ್ನೆಗಳ ಜೊತೆ ಬಹಳ ಹಿಂದಿನಿಂದ ಬದುಕಿವೆ. ಮೂರು ಕಡೆ ಮೂರು ಬಗೆಯ ಉತ್ತರಗಳೂ ಸಿಗುತ್ತವೆ.

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶೃಂಗೇರಿಗೆ ಹೋಗುವವರು ಸಾಮಾನ್ಯವಾಗಿ ನೋಡುವುದು ಇಷ್ಟು: ಶಾರದಾಂಬೆಯ ದರ್ಶನ, ವಿದ್ಯಾಶಂಕರ ದೇವಸ್ಥಾನದ 12 ರಾಶಿಕಂಬಗಳು, ತುಂಗೆಯ ಮೀನುಗಳು, ಮಧ್ಯಾಹ್ನದ ಊಟ. ಎಲ್ಲವೂ ಚೆನ್ನ. ಆದರೆ ಈ ಊರು ಜಗತ್ತಿಗೆ ಪರಿಚಯವಾದದ್ದು ಕಟ್ಟಡದಿಂದಲ್ಲ. ವ್ಯಾಖ್ಯಾನದಿಂದ. ಮಠದ ಪರಂಪರೆಯ ಪ್ರಕಾರ ಇದನ್ನು ಸ್ಥಾಪಿಸಿದ 8ನೇ ಶತಮಾನದ ಶಂಕರಾಚಾರ್ಯರ ಬಹುಮುಖ್ಯ ಗ್ರಂಥಗಳೆಲ್ಲ ಭಾಷ್ಯಗಳು, ಅಂದರೆ ಇನ್ನೊಬ್ಬರ ಪುಸ್ತಕದ ಮೇಲೆ ಹೇಳಿದ ಮಾತುಗಳು. ಉಪನಿಷತ್ತು, ಭಗವದ್ಗೀತೆ, ಬ್ರಹ್ಮಸೂತ್ರ, ಇವುಗಳ ಮೇಲೆ ಅವರು ಬರೆದರು. ಅವರು ಬರೆದದ್ದರ ಮೇಲೆ ಶಿಷ್ಯರು ಬರೆದರು. ಶಿಷ್ಯರು ಬರೆದದ್ದರ ಮೇಲೆ ಮತ್ತೊಬ್ಬರು.

ಈ ಸರಪಳಿ ಎಷ್ಟು ಉದ್ದ ಹೋಗಬಲ್ಲದು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಬ್ರಹ್ಮಸೂತ್ರದಲ್ಲಿ ಶಂಕರರ ಲೆಕ್ಕದಲ್ಲಿ 555 ಸೂತ್ರಗಳಿವೆ. ಎಷ್ಟೋ ಸೂತ್ರಗಳು ಎರಡು ಮೂರು ಪದದವು, ಹಾಗೇ ಓದಿದರೆ ತಲೆಬುಡ ತಿಳಿಯುವುದಿಲ್ಲ. ಅದಕ್ಕೆ ಶಂಕರರ ಭಾಷ್ಯ. ಭಾಷ್ಯಕ್ಕೆ ಮಿಥಿಲೆಯ ವಾಚಸ್ಪತಿ ಮಿಶ್ರರ 'ಭಾಮತೀ'. ಭಾಮತೀಗೆ 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ನಾಡಿನಲ್ಲಿದ್ದ ಅಮಲಾನಂದರ 'ಕಲ್ಪತರು'. ಕಲ್ಪತರುವಿಗೆ 16ನೇ ಶತಮಾನದಲ್ಲಿ ತಮಿಳುನಾಡಿನ ಅಪ್ಪಯ್ಯ ದೀಕ್ಷಿತರ 'ಪರಿಮಳ'. ಒಂದರ ಕೆಳಗೊಂದು ಐದು ಪದರ, ಮಧ್ಯೆ ಸಾವಿರಾರು ಮೈಲಿ ಮತ್ತು ಶತಮಾನಗಳ ಅಂತರ. ಆದರೂ ಯಾರು ಯಾವ ಪದದ ಬಗ್ಗೆ ಹೇಳುತ್ತಿದ್ದಾರೆ ಅನ್ನುವ ಗೊಂದಲ ಇಲ್ಲ.

ಅದು ಹೇಗೆ ಸಾಧ್ಯವಾಯಿತು ಅಂದರೆ, ತಾಳೆಗರಿಯ ಬಡತನದಿಂದ. ಗರಿ ಎರಡು ಮೂರು ಬೆರಳಿನಷ್ಟು ಅಗಲ. ಕಂಠದಿಂದ ಅಕ್ಷರ ಕೊರೆದು, ಆಮೇಲೆ ಮಸಿ ತಿಕ್ಕಬೇಕು. ಅಂಚಿನಲ್ಲಿ ಅಭಿಪ್ರಾಯ ಗೀಚುವಷ್ಟು ಜಾಗವೇ ಇಲ್ಲ. ಹಾಗಾಗಿ ವ್ಯಾಖ್ಯಾನವನ್ನು ಬೇರೆಯೇ ಕಟ್ಟಿನಲ್ಲಿ ಬರೆಯಬೇಕಾಗುತ್ತಿತ್ತು. ಬೇರೆ ಕಟ್ಟಿನಲ್ಲಿದ್ದರೆ ಮೂಲದ ಯಾವ ಜಾಗಕ್ಕೆ ಇದು ಸೇರಿದ್ದು ಅಂತ ಗೊತ್ತಾಗುವುದು ಹೇಗೆ? ಮೂಲದ ಪದವನ್ನೇ ಎತ್ತಿಟ್ಟುಕೊಂಡು, ಅದಕ್ಕೆ 'ಇತಿ' ಅಂತ ಸೇರಿಸಿ, ಆಮೇಲೆ ತಮ್ಮ ಮಾತು ಶುರು ಮಾಡುತ್ತಿದ್ದರು. ಈ ಗುರುತಿನ ಪದಕ್ಕೆ 'ಪ್ರತೀಕ' ಅಂತ ಹೆಸರು. ಕಾಗದ ಬಂದ ಮೇಲೆ ಮೂಲವನ್ನು ಹಾಳೆಯ ನಡುವೆ ದಪ್ಪಕ್ಷರದಲ್ಲಿ ಬರೆದು, ಮೇಲೂ ಕೆಳಗೂ ಟೀಕೆ ಬರೆಯುವ ರೂಢಿ ಬಂತು. ಮೂರು ಪಟ್ಟಿ ಇರುತ್ತಿದ್ದುದರಿಂದ ಅದಕ್ಕೆ 'ತ್ರಿಪಾಠ' ಅಂದರು. ಆದರೂ ಪ್ರತೀಕ ಹೋಗಲಿಲ್ಲ. ಇನ್ನೊಬ್ಬರ ಪದವನ್ನು ಮೊದಲು ಕೈಯಲ್ಲಿ ಹಿಡಿಯದೆ ತನ್ನ ಮಾತು ಆಡಬಾರದು ಅನ್ನುವುದು ಅಷ್ಟರಲ್ಲಿ ಅಭ್ಯಾಸವೇ ಆಗಿಹೋಗಿತ್ತು.

ವ್ಯಾಖ್ಯಾನಕಾರ ಏನೇನು ಮಾಡಬೇಕು ಅನ್ನುವುದಕ್ಕೂ ಪಟ್ಟಿ ಇತ್ತು. ಪದ ಬಿಡಿಸುವುದು, ಪದದ ಅರ್ಥ ಹೇಳುವುದು, ಸಮಾಸ ಒಡೆಯುವುದು, ವಾಕ್ಯ ಜೋಡಿಸುವುದು. ಇವು ನಾಲ್ಕು. ಐದನೆಯದು ಆಕ್ಷೇಪ ಮತ್ತು ಸಮಾಧಾನ: ಈ ಮಾತಿಗೆ ಯಾರಾದರೂ ಏನು ತಕರಾರು ತೆಗೆಯಬಹುದು ಅಂತ ತಾನೇ ಯೋಚಿಸಿ, ಅದನ್ನು ಬರೆದು, ಆಮೇಲೆ ಉತ್ತರ ಕೊಡುವುದು. ಮೊದಲ ನಾಲ್ಕನ್ನು ಒಳ್ಳೆ ಮೇಷ್ಟ್ರು ಯಾರಾದರೂ ಮಾಡಿಯಾರು. ನನ್ನ ಕುತೂಹಲ ಇರುವುದು ಐದನೆಯದರಲ್ಲಿ.

ಎದುರಾಳಿಯ ವಾದಕ್ಕೆ 'ಪೂರ್ವಪಕ್ಷ' ಅಂತ ಹೆಸರು. ಪೂರ್ವ ಅಂದರೆ ಮೊದಲು. ಸಿದ್ಧಾಂತ ಬರುವುದು ಆಮೇಲೆ. ಈಗ ನೋಡಿ, ಎದುರಾಳಿಯ ಮಾತನ್ನು ನಾನೇ ಬರೆಯಬೇಕು ಅಂದರೆ ಮನುಷ್ಯಸಹಜವಾಗಿ ಏನು ಮಾಡುತ್ತೇನೆ? ಪೆದ್ದುಪೆದ್ದಾಗಿ ಬರೆದು, ಸುಲಭವಾಗಿ ಹೊಡೆದುಹಾಕುತ್ತೇನೆ. ಒಳ್ಳೆಯ ಭಾಷ್ಯಕಾರರು ಹಾಗೆ ಮಾಡಲಿಲ್ಲ. ಬ್ರಹ್ಮಸೂತ್ರದ ನಾಲ್ಕನೇ ಸೂತ್ರದ ಭಾಷ್ಯದಲ್ಲಿ ಒಂದು ಜಗಳ ಬರುತ್ತದೆ. ಮೀಮಾಂಸಕ ಹೇಳುತ್ತಾನೆ: ವೇದ ಇರುವುದು ಕೆಲಸ ಮಾಡಿಸುವುದಕ್ಕೆ. 'ಇದನ್ನು ಮಾಡು, ಅದನ್ನು ಬಿಡು' ಅಂತ ಹೇಳದ ವಾಕ್ಯದಿಂದ ಏನು ಪ್ರಯೋಜನ? 'ಬ್ರಹ್ಮ ಇದೆ' ಅಂತ ಸುಮ್ಮನೆ ತಿಳಿಸಿದರೆ ಯಾರಿಗೇನು ಲಾಭ? ಅದಕ್ಕೆ ಪ್ರಸಿದ್ಧವಾದ ಹಗ್ಗ ಮತ್ತು ಹಾವಿನ ಉತ್ತರ ಎದುರಾಗುತ್ತದೆ. ಕತ್ತಲಲ್ಲಿ ಹಾವು ಅಂತ ಹೆದರಿ ನಡುಗುತ್ತಿರುವವನಿಗೆ 'ಇದು ಹಗ್ಗ ಕಣೋ' ಅಂದರೆ, ಯಾವ ಕೆಲಸವನ್ನೂ ಹೇಳದಿದ್ದರೂ ಅವನ ಹೆದರಿಕೆ ಹೋಗುತ್ತದಲ್ಲ?

ಇಲ್ಲಿಗೆ ನಿಲ್ಲಿಸಿದ್ದರೆ ಚಪ್ಪಾಳೆ ಗಿಟ್ಟುತ್ತಿತ್ತು. ಆದರೆ ಶಂಕರರು ಎದುರಾಳಿಯ ಕೈಗೆ ಇನ್ನೊಂದು ಅಸ್ತ್ರ ಕೊಡುತ್ತಾರೆ. ಅವನು ಹೇಳುತ್ತಾನೆ: ಹಗ್ಗ ಅಂತ ಕೇಳಿದವನ ಹೆದರಿಕೆ ಹೋಗುವುದು ನಿಜ. ಆದರೆ ಬ್ರಹ್ಮದ ಬಗ್ಗೆ ಕೇಳಿದವನು? ಕೇಳಿದ ಮೇಲೂ ಮೊದಲಿನ ಹಾಗೇ ಸುಖಕ್ಕೆ ಹಿಗ್ಗುತ್ತಾ, ದುಃಖಕ್ಕೆ ಕುಗ್ಗುತ್ತಾ ಇರುತ್ತಾನಲ್ಲ, ನಾವು ಕಣ್ಣಾರೆ ನೋಡುತ್ತಿದ್ದೇವಲ್ಲ?

ವೇದಾಂತದ ಮೇಲೆ ಇದಕ್ಕಿಂತ ಗಟ್ಟಿಯಾದ ತಕರಾರನ್ನು ಇವತ್ತಿನ ನಾಸ್ತಿಕನೂ ತೆಗೆಯಲಾರ. ಪ್ರವಚನ ಕೇಳಿ ಬಂದು ಪಾರ್ಕಿಂಗ್ ಜಾಗಕ್ಕೆ ಜಗಳವಾಡುವ ನಮ್ಮನ್ನೆಲ್ಲ ನೋಡಿಯೇ ಬರೆದ ಹಾಗಿದೆ. ನಿಜವಾಗಿ ಅರಿತವನು ಮೊದಲಿನಂತೆ ಇರುವುದಿಲ್ಲ ಅನ್ನುವುದು ಭಾಷ್ಯದ ಉತ್ತರ. ಅದನ್ನು ಒಪ್ಪಬಹುದು, ಬಿಡಬಹುದು. ಆದರೆ ಪ್ರಶ್ನೆಯನ್ನು ಅಷ್ಟು ಬಲವಾಗಿ ಕೇಳಿದ್ದು ಉತ್ತರ ಕೊಟ್ಟವರೇ ಅನ್ನುವುದು ಮುಖ್ಯ.

ಹೀಗೆ ಬೇರೆಯವರ ಮಾತನ್ನು ಗಟ್ಟಿಯಾಗಿ ಹಿಡಿದದ್ದಾಯಿತು. ಗುರುವಿನ ಮಾತನ್ನೇ ಒಪ್ಪದಿದ್ದರೆ? ಅದಕ್ಕೂ ಒಂದು ಬಗೆಯ ಗ್ರಂಥ ಇತ್ತು, 'ವಾರ್ತಿಕ'. ಮೂಲದಲ್ಲಿ ಹೇಳಿದ್ದು, ಹೇಳದೆ ಬಿಟ್ಟದ್ದು, ತಪ್ಪಾಗಿ ಹೇಳಿದ್ದು, ಈ ಮೂರನ್ನೂ ಪರೀಕ್ಷಿಸುವುದೇ ವಾರ್ತಿಕದ ಕೆಲಸ ಅಂತ ಲಕ್ಷಣ ಹೇಳುತ್ತದೆ. ಗೌರವ ಇಟ್ಟುಕೊಂಡೇ ತಪ್ಪು ತೋರಿಸಲು ಒಂದು ಅಧಿಕೃತ ಜಾಗ. ವ್ಯಾಕರಣದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಪಾಣಿನಿಯ ಸೂತ್ರ, ಕಾತ್ಯಾಯನನ ವಾರ್ತಿಕ, ಪತಂಜಲಿಯ ಮಹಾಭಾಷ್ಯ, ಮೂವರಲ್ಲಿ ಭಿನ್ನಾಭಿಪ್ರಾಯ ಬಂದರೆ ಯಾರು ಕೊನೆಗೆ ಬಂದರೋ ಅವರ ಮಾತಿಗೆ ಹೆಚ್ಚು ತೂಕ ಅಂತ ನಿಯಮ ಮಾಡಿಕೊಂಡರು. ನಮ್ಮಲ್ಲಿ ಹಳೆಯದಕ್ಕೇ ಯಾವಾಗಲೂ ಮಣೆ ಅನ್ನುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಶೃಂಗೇರಿಯ ವಾರ್ತಿಕಕಾರರು ಸುರೇಶ್ವರರು. ಶಂಕರರ ನಂತರ ಪೀಠಕ್ಕೆ ಬಂದ ಮೊದಲಿಗರು ಅಂತ ಮಠದ ಪರಂಪರೆ ಅವರನ್ನು ಗೌರವಿಸುತ್ತದೆ. ಬೃಹದಾರಣ್ಯಕ ಭಾಷ್ಯದ ಮೇಲೆ ಅವರು ಬರೆದ ವಾರ್ತಿಕದಲ್ಲಿ 11,000ಕ್ಕೂ ಹೆಚ್ಚು ಶ್ಲೋಕಗಳಿವೆ. ಅದರಲ್ಲಿ ಗುರುವಿನಿಂದ ಬೇರೆಯಾಗುವ ಜಾಗಗಳೂ ಇವೆ. ಸಂನ್ಯಾಸ ಬ್ರಾಹ್ಮಣರಿಗೆ ಮಾತ್ರ ಅನ್ನುವುದು ಭಾಷ್ಯದ ನಿಲುವು. ಸುರೇಶ್ವರರು ಒಪ್ಪಲಿಲ್ಲ, ಮೂರೂ ವರ್ಣದವರಿಗೆ ಅಧಿಕಾರ ಇದೆ ಅಂದರು. ಇವತ್ತಿನ ಕಣ್ಣಿಗೆ ಅದು ಅರ್ಧ ಹೆಜ್ಜೆ ಮಾತ್ರ. ಆದರೆ ಗುರುವಿನ ಗ್ರಂಥಕ್ಕೆ ಬರೆದ ವ್ಯಾಖ್ಯಾನದೊಳಗೇ ಇಟ್ಟ ಹೆಜ್ಜೆ ಅದು. ಅದಕ್ಕಾಗಿ ಅವರನ್ನು ಯಾರೂ ಪಂಗಡದಿಂದ ಆಚೆ ಹಾಕಲಿಲ್ಲ. ಪೀಠದಲ್ಲಿ ಕೂರಿಸಿದ ಹೆಸರಾಗಿಯೇ ಉಳಿಸಿಕೊಂಡರು.

ಹಾಗಂತ ಎಲ್ಲವೂ ನೆಟ್ಟಗಿತ್ತು ಅಂತಲ್ಲ. ಯಾರಿಗೆ ವ್ಯಾಖ್ಯಾನ ಬರೆಯುವ ಹಕ್ಕಿದೆ ಅನ್ನುವ ಜಗಳ ಅಲ್ಲೂ ಇತ್ತು ಅನ್ನುವುದಕ್ಕೆ ಮಾಧವೀಯ ಶಂಕರವಿಜಯದ ಕಥೆಯೇ ಸಾಕ್ಷಿ. ಇದು ಚರಿತ್ರೆ ಅಲ್ಲ, ಐತಿಹ್ಯ. ಆದರೆ ಐತಿಹ್ಯಗಳು ಒಂದು ಸಮಾಜದ ಆತಂಕವನ್ನು ಚೆನ್ನಾಗಿ ಹೇಳುತ್ತವೆ. ಕಥೆಯ ಪ್ರಕಾರ ಸುರೇಶ್ವರರು ಪೂರ್ವಾಶ್ರಮದಲ್ಲಿ ಮಂಡನಮಿಶ್ರ, ಕರ್ಮಮಾರ್ಗದ ದೊಡ್ಡ ವಕೀಲ. ಶಂಕರರಿಗೂ ಅವರಿಗೂ ನಡೆದ ವಾದಕ್ಕೆ ತೀರ್ಪುಗಾರರು ಮಂಡನರ ಹೆಂಡತಿ ಉಭಯಭಾರತಿ. ಸೋತ ಮಂಡನರು ಶಿಷ್ಯರಾದರು. ಮುಂದೆ ಬ್ರಹ್ಮಸೂತ್ರ ಭಾಷ್ಯಕ್ಕೆ ವಾರ್ತಿಕ ಬರೆಯುವಂತೆ ಗುರು ಅವರಿಗೇ ಹೇಳಿದಾಗ ಉಳಿದ ಶಿಷ್ಯರು ಗೊಣಗಿದರು: ನಿನ್ನೆಯವರೆಗೆ ಆ ಕಡೆ ಇದ್ದವನು, ಒಳಗಿನಿಂದಲೇ ಅರ್ಥ ತಿರುಚಿಬಿಟ್ಟರೆ? ಆ ವಾರ್ತಿಕ ಬರೆಯುವುದು ನಿಂತುಹೋಯಿತು. ಆಮೇಲೆ ಪದ್ಮಪಾದರು ಬರೆದ ಟೀಕೆಯನ್ನು ಅವರ ಸ್ವಂತ ಸೋದರಮಾವನೇ ಸುಟ್ಟುಹಾಕಿದನಂತೆ. ಒಮ್ಮೆ ಕೇಳಿದ್ದನ್ನು ನೆನಪಿನಲ್ಲಿಟ್ಟಿದ್ದ ಶಂಕರರು ಅದರ ಒಂದು ಭಾಗವನ್ನು ಹೇಳಿ ಬರೆಸಿದರಂತೆ. ಮಂಡನ ಮತ್ತು ಸುರೇಶ್ವರ ಒಬ್ಬರೇ ಅಲ್ಲ ಅಂತ ಮೈಸೂರಿನ ಎಂ. ಹಿರಿಯಣ್ಣನವರು 1920ರ ದಶಕದಲ್ಲೇ ವಾದಿಸಿದ್ದಾರೆ. ಅದು ಹೇಗೇ ಇರಲಿ, 'ಇವನು ನಮ್ಮವನೋ ಅಲ್ಲವೋ' ಅನ್ನುವ ಅನುಮಾನಕ್ಕೆ ಒಂದು ಒಳ್ಳೆ ಪುಸ್ತಕ ಬಲಿಯಾಯಿತು ಅನ್ನುವ ಹಳಹಳಿಕೆ ಕಥೆಯಲ್ಲಿ ಉಳಿದಿದೆ.

ಮುಂದೆ 14ನೇ ಶತಮಾನ. 1346ರಲ್ಲಿ ವಿಜಯನಗರದ ಮೊದಲನೇ ಹರಿಹರ ತಮ್ಮಂದಿರ ಜೊತೆ ಶೃಂಗೇರಿಗೆ ಬಂದು ಭಾರತೀತೀರ್ಥರಿಗೆ ದತ್ತಿ ಕೊಟ್ಟ. ಶಾಸನ ಇದೆ. ಅಲ್ಲಿಂದಾಚೆಗೆ ವ್ಯಾಖ್ಯಾನ ಅನ್ನುವುದು ಒಬ್ಬ ಸಂನ್ಯಾಸಿಯ ಕುಟೀರದ ಕೆಲಸವಾಗಿ ಉಳಿಯಲಿಲ್ಲ, ರಾಜ್ಯ ಹಣ ಹಾಕುವ ದೊಡ್ಡ ಪ್ರಾಜೆಕ್ಟ್ ಆಯಿತು. ಬುಕ್ಕನ ಆಸ್ಥಾನದ ಸಾಯಣಾಚಾರ್ಯರ ಹೆಸರಿನಲ್ಲಿ ವೇದಗಳಿಗೆ ಭಾಷ್ಯ ಬಂತು. ಒಬ್ಬರೇ ಕೂತು ಬರೆದದ್ದಲ್ಲ ಇದು. 1386ರ ಒಂದು ತಾಮ್ರಶಾಸನದಲ್ಲಿ ಎರಡನೇ ಹರಿಹರನು ವಿದ್ಯಾರಣ್ಯರ ಸಮ್ಮುಖದಲ್ಲಿ ಮೂವರು ವಿದ್ವಾಂಸರಿಗೆ ದಾನ ಕೊಟ್ಟದ್ದು ದಾಖಲಾಗಿದೆ: ನಾರಾಯಣ ವಾಜಪೇಯಯಾಜಿ, ನರಹರಿ ಸೋಮಯಾಜಿ, ಪಂಢರಿ ದೀಕ್ಷಿತ. ನಾಲ್ಕು ವೇದಗಳ ಭಾಷ್ಯದ ಪ್ರವರ್ತಕರು ಅಂತ ಅವರ ಬಗ್ಗೆ ಹೇಳಿದೆ. ತಂಡದ ಕೆಲಸದಲ್ಲಿ ಲೀಡ್ ಹೆಸರು ಮಾತ್ರ ಹೊರಗೆ ಬರುವುದು ಇವತ್ತಿನ ಕಥೆ ಒಂದೇ ಅಲ್ಲ. ಅದೃಷ್ಟಕ್ಕೆ ಇವರ ಹೆಸರು ತಾಮ್ರದ ಮೇಲಾದರೂ ಉಳಿಯಿತು.

ಇದೇ ಕಾಲದ ಮಾಧವಾಚಾರ್ಯರು (ಇವರೇ ಮುಂದೆ ವಿದ್ಯಾರಣ್ಯರಾದರು ಅಂತ ಪರಂಪರೆ, ಇತಿಹಾಸಕಾರರಲ್ಲಿ ಚರ್ಚೆ ಇದೆ) ಪರಾಶರ ಸ್ಮೃತಿಗೆ ವ್ಯಾಖ್ಯಾನ ಬರೆದರು. ಆ ಸ್ಮೃತಿಯಲ್ಲಿ ಆಚಾರ ಇದೆ, ಪ್ರಾಯಶ್ಚಿತ್ತ ಇದೆ, ಕೋರ್ಟು ಕಚೇರಿಯ ವ್ಯವಹಾರ ಇಲ್ಲವೇ ಇಲ್ಲ. ಹೊಸ ರಾಜ್ಯಕ್ಕೆ ಅದೇ ಬೇಕಾಗಿತ್ತು. ರಾಜನು ಧರ್ಮದಿಂದ ಪ್ರಜೆಗಳನ್ನು ಪಾಲಿಸಬೇಕು ಅನ್ನುವ ಒಂದು ಎಳೆ ಹಿಡಿದು ಮಾಧವರು ಇಡೀ ವ್ಯವಹಾರಕಾಂಡವನ್ನು ಅದಕ್ಕೆ ನೇತುಹಾಕಿದರು. ಹೇಳದೆ ಬಿಟ್ಟದ್ದನ್ನು ಹೇಳುವುದು ಅಂದರೆ ಇದು. ಮೂಲವನ್ನು ಮುಟ್ಟಲಿಲ್ಲ, ಆದರೆ ಕಾನೂನಿನ ಹೊಸ ಪುಸ್ತಕವೇ ಹುಟ್ಟಿತು.

ಸಾಯಣಭಾಷ್ಯ 1849ರಿಂದ 1874ರ ನಡುವೆ ಮ್ಯಾಕ್ಸ್ ಮುಲ್ಲರ್ ಸಂಪಾದನೆಯಲ್ಲಿ ಋಗ್ವೇದದ ಜೊತೆ ಆರು ಸಂಪುಟಗಳಲ್ಲಿ ಅಚ್ಚಾಯಿತು. ಆಮೇಲೆ ಯುರೋಪಿನ ಪಂಡಿತರು ಸಾಯಣರನ್ನು ನಂಬಬೇಕೋ ಬೇಡವೋ ಅಂತ ತಮ್ಮತಮ್ಮಲ್ಲೇ ಕಚ್ಚಾಡಿದರು. ಎಚ್.ಎಚ್. ವಿಲ್ಸನ್ ಸಾಯಣರನ್ನು ಹಿಡಿದು ಅನುವಾದಿಸಿದರೆ, ರೂಡಾಲ್ಫ್ ರೋತ್ ಸಾಯಣರನ್ನು ಬದಿಗಿಟ್ಟು ವೇದದಿಂದಲೇ ವೇದದ ಅರ್ಥ ತಿಳಿಯಬೇಕು ಅಂದರು. ಅದೂ ಈ ಸರಪಳಿಯ ಇನ್ನೊಂದು ಕೊಂಡಿಯೇ.

ಶೃಂಗೇರಿ ಬಿಟ್ಟು ನರಸಿಂಹರಾಜಪುರಕ್ಕೆ ಹೋಗೋಣ. ಊರಿನ ಹಳೆಯ ಹೆಸರು ಯಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು 1915ರಲ್ಲಿ ಬಂದದ್ದು, ಈಗ ಎಲ್ಲರ ಬಾಯಲ್ಲಿ ಎನ್.ಆರ್. ಪುರ. ಇಲ್ಲಿನ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ಬಸದಿ ಮತ್ತು ದಿಗಂಬರ ಜೈನ ಮಠ ಇವೆ. ಮಲೆನಾಡಿನ ಜೈನರದ್ದೂ ವ್ಯಾಖ್ಯಾನದ ದೊಡ್ಡ ಪರಂಪರೆ. ಅದರ ಅತಿ ದೊಡ್ಡ ಗ್ರಂಥ ನೋಡಬೇಕಾದರೆ ಘಟ್ಟ ಇಳಿಯಬೇಕು. ಕೊಪ್ಪ, ಶೃಂಗೇರಿ, ಕೆರೆಕಟ್ಟೆ ದಾಟಿ ಕಾರ್ಕಳದ ಕಡೆಗೆ ಇಳಿಯುವ ದಾರಿಯಲ್ಲೇ ಮುಂದೆ ಮೂಡುಬಿದಿರೆ ಸಿಗುತ್ತದೆ. 'ಷಟ್‌ಖಂಡಾಗಮ'ಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ 'ಧವಲಾ' ಟೀಕೆ ಅಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂತು. ಶ್ಲೋಕದ ಅಳತೆಯಲ್ಲಿ ಹೇಳಿದರೆ 72,000 ಅಂತ ಲೆಕ್ಕ. ಇನ್ನೊಂದು ಟೀಕೆ 'ಜಯಧವಲಾ' ಮುಗಿಯುವ ಮೊದಲೇ ವೀರಸೇನರು ತೀರಿಕೊಂಡಾಗ ಶಿಷ್ಯ ಜಿನಸೇನರು ಕೂತು ಪೂರ್ತಿ ಮಾಡಿದರು. ಅದು 'ಕವಿರಾಜಮಾರ್ಗ'ದ ಅಮೋಘವರ್ಷನ ಕಾಲ.

ಸಾಫ್ಟ್‌ವೇರಿನವರಿಗೆ ಒಂದು ಸ್ವಾರಸ್ಯ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಅನ್ನುವುದಕ್ಕೆ ಧವಲಾದಲ್ಲಿ 'ಅರ್ಧಚ್ಛೇದ' ಅನ್ನುವ ಲೆಕ್ಕ ಬರುತ್ತದೆ. ನಾವು ಎರಡರ ಆಧಾರದ ಲಾಗರಿದಮ್ ಅನ್ನುವುದು ಅದನ್ನೇ. ಆದರೆ ನನಗೆ ಹೆಚ್ಚು ಹಿಡಿಸಿದ್ದು ವೀರಸೇನರ ಇನ್ನೊಂದು ಅಭ್ಯಾಸ. ಒಂದು ವಿಷಯದಲ್ಲಿ ಇಬ್ಬರು ಆಚಾರ್ಯರ ಉಪದೇಶ ಬೇರೆ ಬೇರೆಯಾಗಿದ್ದು, ಯಾವುದು ಸರಿ ಅನ್ನಲು ಆಧಾರ ಇಲ್ಲದಿದ್ದರೆ, ಎರಡನ್ನೂ ಬರೆದಿಟ್ಟು ಎರಡನ್ನೂ ಕಾಪಾಡಿಕೊಳ್ಳಿ ಅನ್ನುತ್ತಾರೆ. ತೀರ್ಪು ಕೊಡಬಲ್ಲ ಕೇವಲಜ್ಞಾನಿ ಈಗ ನಮ್ಮ ನಡುವೆ ಇಲ್ಲ. ಇಷ್ಟು ದೊಡ್ಡ ಪಂಡಿತ 'ಇದು ಇತ್ಯರ್ಥ ಆಗಿಲ್ಲ' ಅಂತ ಬರೆಯಲು ಹಿಂಜರಿಯಲಿಲ್ಲ.

ಅದೇ ಧವಲಾ ಮಾಡುವ ಎಚ್ಚರಿಕೆಯೂ ಒಂದಿದೆ. ಶತಮಾನಗಳ ಕಾಲ ಮೂಡುಬಿದಿರೆಯ ಆ ಗರಿಗಳು ಓದುವ ವಸ್ತುವಾಗಿರಲಿಲ್ಲ, ದರ್ಶನ ಮಾಡುವ ವಸ್ತುವಾಗಿದ್ದವು. ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಿಂದ ಅಚ್ಚಾಗತೊಡಗಿ 16 ಸಂಪುಟ ಮುಗಿಯುವ ಹೊತ್ತಿಗೆ ಎರಡು ದಶಕ ಹಿಡಿಯಿತು. ಕಾಪಾಡಿದವರಿಗೆ ಕೈಮುಗಿಯಲೇಬೇಕು. ಆದರೆ ಬೀಗ ಹಾಕಿದ ಟೀಕೆಗೆ ಮತ್ತೊಬ್ಬರು ಟೀಕೆ ಬರೆಯಲಾರರು. ಭಾಮತೀಗೆ ಕಲ್ಪತರು, ಅದಕ್ಕೆ ಪರಿಮಳ ಹುಟ್ಟಿದ ಹಾಗೆ ಧವಲಾದ ಸರಪಳಿ ಬೆಳೆಯಲಿಲ್ಲ.

ಈಗ ಬೀಗದ ಮಾತು ಬಂತಲ್ಲ, ತಪ್ಪಿಸಿಕೊಳ್ಳದೆ ಮುಂದಿನ ಪ್ರಶ್ನೆ ಕೇಳಲೇಬೇಕು. ಈ ಅಚ್ಚುಕಟ್ಟಾದ ವ್ಯವಸ್ಥೆಯ ಬಾಗಿಲು ಯಾರಿಗೆ ತೆರೆದಿತ್ತು? ಬಹಳ ಜನಕ್ಕೆ ಇರಲಿಲ್ಲ. ಶೂದ್ರರಿಗೆ ವೇದವಿದ್ಯೆಯಲ್ಲಿ ಅಧಿಕಾರ ಇದೆಯೇ ಅನ್ನುವ ಪ್ರಶ್ನೆ ಬ್ರಹ್ಮಸೂತ್ರ ಭಾಷ್ಯದ ಮೊದಲ ಅಧ್ಯಾಯದ ಮೂರನೇ ಪಾದದಲ್ಲೇ ಬರುತ್ತದೆ. ಇಲ್ಲ ಅನ್ನುವುದು ಅಲ್ಲಿನ ಸಿದ್ಧಾಂತ. ಇದನ್ನು ಮೆತ್ತಗೆ ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ. ಶಂಕರರ ಅಭಿಮಾನಿಗಳೂ ಓದಿ ತಲೆ ತಗ್ಗಿಸುವ ಪುಟಗಳವು.

ಆದರೆ ಆ ಅಧಿಕರಣ ಶುರುವಾಗುವುದು ಹೇಗೆ ಗೊತ್ತಾ? ನಿಯಮದ ಪ್ರಕಾರ ಪೂರ್ವಪಕ್ಷದಿಂದ. ಪೂರ್ವಪಕ್ಷಿ ಹೇಳುತ್ತಾನೆ: ಶೂದ್ರನಿಗೂ ಅಧಿಕಾರ ಇದೆ. ಯಾಕೆಂದರೆ ಅವನಿಗೂ ತಿಳಿಯುವ ಹಂಬಲ ಇದೆ, ತಿಳಿಯುವ ಸಾಮರ್ಥ್ಯವೂ ಇದೆ. ಛಾಂದೋಗ್ಯದಲ್ಲಿ ರೈಕ್ವನು ಜಾನಶ್ರುತಿಯನ್ನು ಶೂದ್ರ ಅಂತ ಕರೆದೇ ವಿದ್ಯೆ ಕಲಿಸುತ್ತಾನಲ್ಲ? ವಿದುರನಂಥ ಜ್ಞಾನಿಗಳ ಕಥೆ ಕೇಳಿದ್ದೇವಲ್ಲ?

ಹಂಬಲ ಇದೆ, ಸಾಮರ್ಥ್ಯ ಇದೆ, ಹಾಗಾಗಿ ಹಕ್ಕಿದೆ. ಇವತ್ತು ಯಾವುದೇ ಸಂವಿಧಾನಪ್ರಿಯ ಮನುಷ್ಯ ಹೇಳುವ ಮಾತು ಇದೇ. ಅದು ಆ ಪುಸ್ತಕದಲ್ಲಿ ಸೋತ ವಾದ. ಆದರೂ ಆ ಪುಸ್ತಕದೊಳಗೇ, ಪ್ರತಿ ತಲೆಮಾರಿನ ವಿದ್ಯಾರ್ಥಿಯೂ ಮೊದಲು ಅದನ್ನೇ ಓದಿ ಮುಂದೆ ಹೋಗುವ ಹಾಗೆ, 1,200 ವರ್ಷ ಉಳಿಯಿತು. ಬಾಗಿಲು ಹಾಕಿದವರೇ ಬೀಗದ ಕೈಯನ್ನೂ ಪುಸ್ತಕದೊಳಗೆ ಇಟ್ಟುಹೋದ ಹಾಗೆ. ಅಷ್ಟು ಕಾಲ ಯಾರೂ ಆ ಕೈಯನ್ನು ಎತ್ತಿಕೊಳ್ಳಲಿಲ್ಲ ಅನ್ನುವ ದುಃಖ ಬೇರೆ. ಆದರೆ ಅದು ಅಲ್ಲಿ ಇತ್ತು.

ಇದೊಂದೇ ಉದಾಹರಣೆ ಅಲ್ಲ. ದೇವರಿಲ್ಲ, ಪರಲೋಕ ಇಲ್ಲ ಅಂದ ಚಾರ್ವಾಕರ ಮೂಲಗ್ರಂಥ ಇವತ್ತು ಸಿಗುವುದಿಲ್ಲ. ಅವರು ಏನು ಹೇಳಿದರು ಅನ್ನುವುದು ನಮಗೆ ಗೊತ್ತಾಗಿರುವುದು ಹೆಚ್ಚಾಗಿ ಅವರ ಎದುರಾಳಿಗಳಿಂದ. ವಿಜಯನಗರ ಕಾಲದ ಮಾಧವನೊಬ್ಬ ಬರೆದ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯವೇ ಚಾರ್ವಾಕದರ್ಶನ. ಸಾಯಣರ ಮನೆತನಕ್ಕೆ ಸೇರಿದವನು, ವೇದದ ಪಕ್ಷದವನು, ವೇದವನ್ನು ಗೇಲಿ ಮಾಡಿದವರ ವಾದವನ್ನು ಕೂತು, ಕ್ರಮವಾಗಿ ಬರೆದಿಟ್ಟ. ಅವನು ಬರೆಯದಿದ್ದರೆ ಚಾರ್ವಾಕರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಇರುತ್ತಿರಲಿಲ್ಲ. ಅದಕ್ಕೇ ಹೇಳುವುದು, ಒಂದು ಚರ್ಚೆಯ ವ್ಯವಸ್ಥೆ ಒಳ್ಳೆಯದೋ ಕೆಟ್ಟದ್ದೋ ಅಂತ ಗೆದ್ದವರನ್ನು ನೋಡಿ ತೀರ್ಮಾನಿಸಬಾರದು. ಸೋತವರ ಮಾತಿಗೆ ಅದು ಏನು ಮಾಡಿತು ಅಂತ ನೋಡಬೇಕು.

ಈ ಬಾಗಿಲಿನ ಆಚೆ ಉಳಿದವರು ಸುಮ್ಮನೆ ಕೂತಿರಲಿಲ್ಲ. ಅವರ ಜಗಲಿಗೆ ಬರಬೇಕಾದರೆ ಕೊಪ್ಪದ ಕಡೆಯ ಮಳೆಗಾಲಕ್ಕೆ ಬರಬೇಕು. ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದರೆ ಯಕ್ಷಗಾನದ ಮೇಳಗಳ ತಿರುಗಾಟ ನಿಲ್ಲುತ್ತದೆ. ಆಗ ಶುರುವಾಗುವುದು ತಾಳಮದ್ದಳೆ. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದಕ್ಕೆ ತಮ್ಮ ಪಾತ್ರದ ಬಾಯಿಂದ ಅರ್ಥ ಹೇಳುತ್ತಾರೆ. ನಾಲ್ಕು ಸಾಲಿನ ಪದಕ್ಕೆ ಅರ್ಧ ಗಂಟೆ ಅರ್ಥ ಬಂದರೂ ಆಶ್ಚರ್ಯ ಇಲ್ಲ. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲೇ ತಾಳಮದ್ದಳೆಯ ಹೆಸರು ಬರುತ್ತದೆ ಅಂದಮೇಲೆ ಇದು ನಿನ್ನೆ ಮೊನ್ನೆಯದಲ್ಲ.

ಇದೂ ಭಾಷ್ಯವೇ ತಾನೆ? ಪದ ಮೂಲ, ಅರ್ಥ ವ್ಯಾಖ್ಯಾನ, ಎದುರಿನವನ ಪ್ರಶ್ನೆ ಪೂರ್ವಪಕ್ಷ. ಆದರೆ ಭಾಷೆ ಕನ್ನಡ, ಜಾಗ ಮನೆಯ ಜಗಲಿ ಅಥವಾ ಊರಿನ ದೇವಸ್ಥಾನ. ಹಗಲು ತೋಟದಲ್ಲಿ ಇದ್ದವರು, ಶಾಲೆಯಲ್ಲಿ ಪಾಠ ಮಾಡಿದವರು, ಅಂಗಡಿ ಇಟ್ಟವರು ರಾತ್ರಿ ಅರ್ಥಧಾರಿಗಳು. ಬಹುಕಾಲ ಇದೂ ಗಂಡಸರ ಜಗಲಿಯೇ ಆಗಿತ್ತು. ಈಗ ಮಹಿಳೆಯರ ತಂಡಗಳೂ ಅರ್ಥ ಹೇಳುತ್ತಿವೆ.

ವಾಲಿವಧೆಯ ಪ್ರಸಂಗ ತೆಗೆದುಕೊಳ್ಳಿ. ಬಾಣ ಆಗಲೇ ಎದೆಯಲ್ಲಿದೆ. ವಾಲಿ ಸಾಯುತ್ತಾನೆ ಅನ್ನುವುದು ಪ್ರಸಂಗ ಬರೆದವನಿಗೂ, ಭಾಗವತನಿಗೂ, ಮುಂದೆ ಕಂಬಳಿ ಹೊದ್ದು ಕೂತ ಅಜ್ಜನಿಗೂ ಗೊತ್ತು. ತೀರ್ಪು ಬದಲಾಗುವುದಿಲ್ಲ. ಆದರೂ ಬಿದ್ದಲ್ಲಿಂದಲೇ ವಾಲಿ ಕೇಳುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ನಿನಗೆ ನಾನು ಮಾಡಿದ ಅಪರಾಧ ಏನು? ನನ್ನನ್ನೇ ಕೇಳಿದ್ದರೆ ಸೀತೆಯನ್ನು ತಂದುಕೊಡುತ್ತಿರಲಿಲ್ಲವೇ? ಒಳ್ಳೆಯ ಕೂಟದಲ್ಲಿ ಈ ಪಾತ್ರವನ್ನು ಸುಮ್ಮನೆ ಯಾರಿಗೋ ಕೊಡುವುದಿಲ್ಲ. ವಾಲಿ, ರಾವಣ ಪಾತ್ರಗಳಿಗೆ ಹೆಸರಾಗಿದ್ದವರು ಶೇಣಿ ಗೋಪಾಲಕೃಷ್ಣ ಭಟ್ಟರಂಥ ದಿಗ್ಗಜರು. ವಾಲಿ ದುರ್ಬಲನಾದರೆ ರಾಮನೂ ಸಪ್ಪೆಯಾಗುತ್ತಾನೆ ಅಂತ ಕೇಳುವವರಿಗೆ ಗೊತ್ತು. ಇವತ್ತು ರಾಮನ ಅರ್ಥ ಹೇಳಿದವರು ಮುಂದಿನ ವಾರ ಇನ್ನೊಂದು ಜಗಲಿಯಲ್ಲಿ ವಾಲಿಯಾಗಿ ಕೂರಬೇಕಾಗಬಹುದು. ಹಾಗಾಗಿ ಎದುರಿನವನ ವಾದದ ಬಲ ಎಲ್ಲಿದೆ ಅಂತ ಎಲ್ಲರೂ ತಿಳಿದಿರಲೇಬೇಕು.

ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಗೆದ್ದವರು ಯಾರು? ಪ್ರಸಂಗದಲ್ಲಿ ರಾಮ. ಆದರೆ ಮಳೆಯಲ್ಲಿ ಮನೆಗೆ ನಡೆಯುವವರ ಬಾಯಲ್ಲಿ ಎಷ್ಟೋ ಸಲ ಇರುವುದು ವಾಲಿ ಕೇಳಿದ ಪ್ರಶ್ನೆ.

ಈ ಹಳೆಯ ವ್ಯವಸ್ಥೆಯನ್ನು ನಮ್ಮ ದಿನಗಳಲ್ಲಿ ಹೊಸದಾಗಿ ಒಮ್ಮೆ ಪ್ರಯೋಗ ಮಾಡಿ ನೋಡಬಹುದು. ಆಫೀಸಿನ ರಿವ್ಯೂ ಇರಲಿ, ಅಪಾರ್ಟ್‌ಮೆಂಟ್ ಸಂಘದ ಮೀಟಿಂಗ್ ಇರಲಿ, ಮನೆಯಲ್ಲಿ ಅಪ್ಪನ ಜೊತೆ ರಾಜಕೀಯದ ಮಾತಿರಲಿ, ಮೂರು ನಿಯಮ ಸಾಕು. ಒಂದು, ಪ್ರತೀಕ: ಎದುರಿನವರು ಆಡಿದ ಪದವನ್ನೇ ಎತ್ತಿಕೊಳ್ಳಿ, ನಿಮಗೆ ಅನುಕೂಲವಾದ ಪದವನ್ನು ಅವರ ಬಾಯಿಗೆ ಹಾಕಬೇಡಿ. ಎರಡು, ಪೂರ್ವಪಕ್ಷ: ಅವರು 'ಹೌದು, ನಾನು ಹೇಳಿದ್ದು ಇದನ್ನೇ' ಅಂತ ಒಪ್ಪುವವರೆಗೆ ನಿಮ್ಮ ಉತ್ತರ ಶುರುವಾಗಬಾರದು. ಮೂರು, ವೀರಸೇನರ ನಿಯಮ: ಇತ್ಯರ್ಥ ಆಗದ್ದನ್ನು ಇತ್ಯರ್ಥ ಆಗಿಲ್ಲ ಅಂತಲೇ ಬರೆದಿಡಿ. ಸೋತ ಸಲಹೆಯೂ ಮೀಟಿಂಗಿನ ಟಿಪ್ಪಣಿಯಲ್ಲಿ ಹೇಳಿದವರ ಹೆಸರಿನ ಜೊತೆ ಇರಲಿ. ನಾಳೆ ಬರುವ ಹೊಸಬರಿಗೆ ಅದೇ ಬೇಕಾಗಬಹುದು.

ಇದರಿಂದ ಮೀಟಿಂಗ್ ಉದ್ದವಾಗುತ್ತದೆ, ನಿಜ. ಒಂದು ವಾದವನ್ನು ಅರ್ಧ ಗಂಟೆ ಪೂರ್ತಿ ಹೇಳಿದ ಮೇಲೆ ಅದೇ ಸರಿ ಅಂತ ನಮಗೇ ಅನ್ನಿಸಿಬಿಡುವ ಅಪಾಯವೂ ಇದೆ. ಆ ಅಪಾಯ ಇಲ್ಲದ ಚರ್ಚೆಗೆ ಕೂರುವುದೇ ಯಾಕೆ ಅನ್ನುವುದು ಪೂರ್ವಪಕ್ಷ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಾಗಾಗಿ ಅದನ್ನೇ ಬರೆದಿಟ್ಟು ಮುಗಿಸುತ್ತೇನೆ.